ಸಕ್ಕರೆ ಹಾಕದ ಚಹಾ

ಅಪ್ಪ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಗೆ ಬಂದು ಕೂತ ವರ್ಷವೇ ಸಕ್ಕರೆ ಕಾಯಿಲೆಯೂ ಬಂತು. ಅದೇ ಹೊತ್ತಿಗೆ ನಾನು ಹೈದರಾಬಾದಿನ ಲ್ಯಾಬೊಂದರಲ್ಲಿ ವೈರಸ್ಸುಗಳಿಗೆ ಸಕ್ಕರೆ ಒಡ್ಡುವ ಸಂಶೋಧನೆಗೆ ಸೇರಿದೆ. ಅಫಜಲಪುರದ ನಮ್ಮ ಮನೆಯಲ್ಲಿ ಅಪ್ಪನಿಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತು.

ನಮ್ಮ ಜೀವಕೋಶಗಳ ಮೇಲಿನ ಪ್ರೊಟೀನುಗಳಿಗೆ ಬಗೆಬಗೆಯ ಸಕ್ಕರೆಗಳು ಅಂಟಿಕೊಂಡಿರುತ್ತವೆ. ಒಳಗೆ ನುಗ್ಗುವ ಮುನ್ನ ವೈರಸ್ಸು ಅವುಗಳಲ್ಲಿ ತನಗೆ ಬೇಕಾದ್ದನ್ನು ಹಿಡಿಯುತ್ತದೆ. ಯಾವುದನ್ನು ಎಂದು ತಿಳಿಯಲು ಗಾಜಿನ ಪಟ್ಟಿಯ ಮೇಲೆ ನೂರಾರು ಸಕ್ಕರೆಗಳನ್ನು ಚುಕ್ಕಿಚುಕ್ಕಿಯಾಗಿ ಇಟ್ಟು, ಬಣ್ಣ ಹಚ್ಚಿದ ವೈರಸ್ ಪ್ರೊಟೀನನ್ನು ಮೇಲೆ ಬಿಡುತ್ತೇವೆ. ಅದು ಹಿಡಿದ ಚುಕ್ಕಿ ಮಾತ್ರ ಹೊಳೆಯಬೇಕು. ನನಗೆ ಮಾತ್ರ ಪ್ರತಿಸಲ ಇಡೀ ಗಾಜೇ ಹೊಳೆಯುತ್ತಿತ್ತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಗಾಜು ಕಳಿಸಿದ ಕಂಪನಿಗೆ ಎರಡು ಖಾರದ ಪತ್ರ ಬರೆದೆ. ನನ್ನ ಸಂಶೋಧನೆಯ ಗೈಡ್ ತಣ್ಣಗೆ ಹೇಳಿದರು: ಉಳಿದಿರುವುದು ಒಂದೇ ಗಾಜು, ಅದೂ ಕೆಟ್ಟರೆ ಈ ವಿಷಯ ಬಿಡಬೇಕು. ಮೂರು ವರ್ಷದ ಕೆಲಸ. ಹೆದರಿ, ಆ ಗಾಜನ್ನು ಮುಟ್ಟದೆ ಊರಿಗೆ ಬಂದುಬಿಟ್ಟೆ.

ಬೆಳಿಗ್ಗೆ ಅವ್ವ ಚಹಾ ಕೊಟ್ಟಳು. ಅಪ್ಪ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

"ಇಕಿ ವೈರಸ್ಸಿಗೆ ನೂರು ನಮೂನಿ ಸಕ್ರಿ. ನನಗ ಒಂದು ಚಮಚ ಇಲ್ಲ."

"ಹಾಲಿನಾಗೇ ಸಕ್ರಿ ಇರ್ತದಂತ ಡಾಕ್ಟರ್ ಹೇಳ್ಯಾರಲ್ರಿ. ಸುಮ್ನ ಕುಡೀರಿ," ಎಂದಳು ಅವ್ವ.

ಕಪ್ಪು ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಗಾಜಿನ ಖಾಲಿ ಜಾಗಕ್ಕೆ ವೈರಸ್ ಪ್ರೊಟೀನು ಅಂಟದಿರಲೆಂದು ನಾನು ಮೊದಲೇ ಬಳಿಯುತ್ತಿದ್ದುದು ಹಾಲಿನ ಪುಡಿ ಕಲಸಿದ ನೀರು. ಹಿಂದೆ ಕೆಲಸ ಮಾಡಿದ ಬೇರೊಂದು ಲ್ಯಾಬಿನಲ್ಲಿ ಕಲಿತ ರೂಢಿ. ಹಾಲಿನ ಪ್ರೊಟೀನುಗಳಿಗೂ ಸಕ್ಕರೆ ಅಂಟಿರುತ್ತದೆ, ಅದೂ ನನ್ನ ವೈರಸ್ಸಿಗೆ ಬಲು ಇಷ್ಟವಾದದ್ದು. ಇಡೀ ಗಾಜು ಹೊಳೆಯುತ್ತಿದ್ದುದು ಅದರಿಂದಲೇ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬಹಳ ನಾಚಿಕೆಯಾಯಿತು.

ಮರುವಾರ ಲ್ಯಾಬಿಗೆ ಮರಳಿ, ಉಳಿದಿದ್ದ ಆ ಒಂದು ಗಾಜಿಗೆ ಹಾಲಿನ ಬದಲು ಸಕ್ಕರೆ ಅಂಟಿರದ ಬೇರೊಂದು ಪ್ರೊಟೀನು ಬಳಿದೆ. ಕಂಪ್ಯೂಟರ್ ಪರದೆಯ ಮೇಲೆ ಏಳೆಂಟು ಚುಕ್ಕಿ ಹೊಳೆದವು, ಉಳಿದದ್ದೆಲ್ಲ ಕಪ್ಪು. ಕೂತಲ್ಲೇ ಅತ್ತುಬಿಟ್ಟೆ. ಆಮೇಲೆ ಕಂಪನಿಗೆ ಕ್ಷಮೆ ಕೇಳಿ ಪತ್ರ ಬರೆದು, ಮನೆಗೆ ಫೋನು ಮಾಡಿದೆ.

"ಎಷ್ಟು ಸಕ್ರಿ ಹಿಡೀತು?" ಅಪ್ಪ ಕೇಳಿದರು.

"ಏಳೆಂಟು ಅಷ್ಟೇ ಅಪ್ಪಾ. ಉಳಿದದ್ದು ಮುಟ್ಟಲೇ ಇಲ್ಲ."

ಹಿಂದಿನಿಂದ ಅವ್ವನ ದನಿ ಕೇಳಿಸಿತು. "ಕೇಳಿದ್ರಿಲ್ಲ? ವೈರಸ್ಸೂ ಪಥ್ಯ ಮಾಡ್ತದ."

ಆ ಸಂಜೆಯ ಚಹಾವನ್ನು ಅಪ್ಪ ಗೊಣಗದೆ ಪೂರ್ತಿ ಕುಡಿದರಂತೆ.