ಭಾಮಕ್ಕ ಅಳೆದ ಡೋಸ್

ಯೋಕೋಹಾಮಾದ ಕನ್ನಡದ ಹೆಂಗಸರಲ್ಲಿ ಸೂಜಿಗೆ ಹೆದರದವರು ಯಾರೆಂದರೆ ಎಲ್ಲರೂ ಸತ್ಯಭಾಮಾ ಅವರ ಹೆಸರು ಹೇಳುತ್ತಿದ್ದರು. ಮೈಸೂರಿನಲ್ಲಿ ಅವರ ಅಮ್ಮನಿಗೆ ಸಕ್ಕರೆ ಕಾಯಿಲೆ. ಕಾಲೇಜಿಗೆ ಹೊರಡುವ ಮೊದಲು ಇನ್ಸುಲಿನ್ ಚುಚ್ಚುವುದು ಮಗಳ ಕೆಲಸವಾಗಿತ್ತು. ಸಿರಿಂಜನ್ನು ಬೆರಳಿನಿಂದ ತಟ್ಟಿ ಗಾಳಿಗುಳ್ಳೆಯನ್ನು ಮೇಲೆ ತರುವುದು, ಔಷಧಿಯನ್ನು ಗೆರೆಗೆ ಸರಿಯಾಗಿ ನಿಲ್ಲಿಸುವುದು ಆಗಲೇ ಅವರ ಕೈಗೆ ಕೂತುಬಿಟ್ಟಿತ್ತು. ಮದುವೆಯಾಗಿ, ಗಂಡ ಗಿರಿಧರ್ ಜೊತೆ ಜಪಾನಿಗೆ ಬಂದು ಎಷ್ಟೋ ವರ್ಷಗಳಾದರೂ ಆ ಕೈ ಅಭ್ಯಾಸ ತಪ್ಪಿರಲಿಲ್ಲ.

ಅದು ಮತ್ತೆ ಕೆಲಸಕ್ಕೆ ಬಂದದ್ದು ಕೆಳಗಿನ ಮಹಡಿಯ ಹರ್ಷಿಣಿಯಿಂದ. ಬೆಂಗಳೂರಿನ ಹುಡುಗಿ, ಟೋಕಿಯೋದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹೆರಿಗೆಯ ನಂತರ ಏರಿದ ತೂಕ ಇಳಿದೇ ಇರಲಿಲ್ಲ. ರೈಲು ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಇಲ್ಲಿನ ಕ್ಲಿನಿಕ್ಕಿನವರು ಮೊದಲು ಕೆಲವು ತಿಂಗಳು ಪಥ್ಯ ಮಾಡಿ, ಆಮೇಲೆ ಔಷಧಿ ನೋಡೋಣ ಎಂದರು. ಅಷ್ಟು ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಊರಿಂದ ಬರುವವರ ಕೈಯಲ್ಲಿ ತೂಕ ಇಳಿಸುವ ಇಂಜೆಕ್ಷನ್ನಿನ ಪುಟ್ಟ ಬಾಟಲಿಗಳನ್ನು ತರಿಸಿಕೊಂಡಳು. ತರಿಸಿಕೊಂಡ ಮೇಲೆ ಚುಚ್ಚಿಕೊಳ್ಳಲು ಧೈರ್ಯ ಬರಲಿಲ್ಲ.

“ಭಾಮಕ್ಕಾ, ನೀವೇ ಹಾಕ್ಕೊಡಿ ಪ್ಲೀಸ್. ನನ್ ಕೈಲಿ ಆಗಲ್ಲ.”

ಹೀಗೆ ಪ್ರತಿ ಶನಿವಾರ ಬೆಳಿಗ್ಗೆ ಸತ್ಯಭಾಮಾರ ಅಡುಗೆಮನೆಯಲ್ಲಿ ಇಂಜೆಕ್ಷನ್ ಶುರುವಾಯಿತು. ಬಾಟಲಿಯ ರಬ್ಬರ್ ಮುಚ್ಚಳ ಒರೆಸಿ, ಗೊತ್ತಿದ್ದ ಗೆರೆಯವರೆಗೆ ಎಳೆದು ಅವರು ಚುಚ್ಚುವಾಗ ಹರ್ಷಿಣಿ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ತೂಕ ಇಳಿಯಿತು. ಪೆಟ್ಟಿಗೆಯಲ್ಲಿದ್ದ ಹಳೆಯ ಚೂಡಿದಾರಗಳು ಹೊರಗೆ ಬಂದವು. ಬೇರೆಯವರೂ ತಮಗೆ ಹಾಕಿಕೊಡಿ ಎಂದು ಕೇಳತೊಡಗಿದರು. ಶಾಲೆಯ ಮೀಟಿಂಗಿರಲಿ, ವಾರ್ಡ್ ಆಫೀಸಿರಲಿ, ಅರ್ಧಂಬರ್ಧ ಅರ್ಥವಾಗಿ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕ್ಷಮೆ ಕೇಳುತ್ತಲೇ ದಿನ ಕಳೆದಿದ್ದ ಸತ್ಯಭಾಮಾ ಅವರಿಗೆ, ಈ ಊರಲ್ಲಿ ತನ್ನಿಂದಲೂ ಒಂದು ಕೆಲಸ ಆಗುತ್ತದೆ ಎನ್ನುವುದು ಹಿತವಾಗಿತ್ತು.

ಚಳಿಗಾಲದ ಒಂದು ಶನಿವಾರ ಹರ್ಷಿಣಿ ಹೊಸ ಬಾಟಲಿ ತಂದಳು. ಅದೇ ಗಾತ್ರ, ಅದೇ ಹೆಸರು. ಮುಚ್ಚಳದ ಬಣ್ಣ ಮಾತ್ರ ಬೇರೆ. ಸತ್ಯಭಾಮಾ ಯಾವಾಗಿನಂತೆ ಅದೇ ಗೆರೆಯವರೆಗೆ ಎಳೆದು ಚುಚ್ಚಿದರು.

ಸಂಜೆ ಹರ್ಷಿಣಿಯ ಗಂಡ ನವೀನ ಫೋನ್ ಮಾಡಿದ. “ಭಾಮಕ್ಕಾ, ಹರ್ಷಿಗೆ ವಾಂತಿ ನಿಲ್ತಾನೇ ಇಲ್ಲ. ನಿನ್ನೆ ಕೊಂಬಿನಿ ಅಂಗಡಿಯಿಂದ ತಂದ ಸ್ಯಾಂಡ್‌ವಿಚ್ ಕೆಟ್ಟಿತ್ತೇನೋ.”

ಸತ್ಯಭಾಮಾ ಇಳಿದು ಹೋದರು. ಹರ್ಷಿಣಿ ಬಚ್ಚಲ ಬಾಗಿಲಿಗೆ ಒರಗಿ ಕೂತಿದ್ದಳು, ತುಟಿ ಒಣಗಿತ್ತು. ಅವರು ಫ್ರಿಜ್ಜಿನಿಂದ ಬಾಟಲಿ ತೆಗೆದು ದೀಪದ ಕೆಳಗೆ ಹಿಡಿದು ಸಣ್ಣ ಅಕ್ಷರ ಓದಿದರು. ಅಷ್ಟೇ ನೀರಿನಲ್ಲಿ ಮೊದಲಿನದರ ಎರಡರಷ್ಟು ಔಷಧಿ. ಸಿರಿಂಜಿನ ಗೆರೆ ನೀರನ್ನು ಅಳೆಯುತ್ತದೆಯೇ ಹೊರತು ಅದರೊಳಗೆ ಔಷಧಿ ಎಷ್ಟಿದೆಯೆಂದು ಹೇಳುವುದಿಲ್ಲ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ.

“ಓಆರ್‌ಎಸ್ ಕೊಟ್ಟಿದೀನಿ. ಬೆಳಿಗ್ಗೆ ಹೊತ್ಗೆ ಸರಿಹೋಗತ್ತೆ ಅಲ್ವಾ ಅಕ್ಕಾ?” ಎಂದ ನವೀನ.

ಹೂಂ ಎಂದಿದ್ದರೆ ಅವನು ನಂಬುತ್ತಿದ್ದ.

“ಇಲ್ಲ ನವೀನ. ಸ್ಯಾಂಡ್‌ವಿಚ್ ಅಲ್ಲ. ನಾನು ಡಬಲ್ ಡೋಸ್ ಹಾಕ್ಬಿಟ್ಟಿದೀನಿ. ಟ್ಯಾಕ್ಸಿ ಕರಿ.”

ಫೋನಿಗೆ ಕೈ ಹಾಕುತ್ತಾ ನವೀನ ಕೇಳಿದ, “ಓದ್ಕೋಬಾರ್ದಿತ್ತಾ?”

“ಓದ್ಕೋಬೇಕಿತ್ತು.”

ಮಗುವನ್ನು ಗಿರಿಧರ್ ಕೈಗೆ ಕೊಟ್ಟು ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರ್ ಕುರಿಹಾರಾ ಎಂಬ ಹೆಂಗಸು. ಸತ್ಯಭಾಮಾ ಬಾಟಲಿಯನ್ನೂ ಸಿರಿಂಜನ್ನೂ ಅವರ ಮುಂದಿಟ್ಟು, ತಮ್ಮ ಹರಕುಮುರುಕು ಜಪಾನಿಯಲ್ಲಿ ಎಲ್ಲಿಯವರೆಗೆ ಎಳೆದೆ ಎಂದು ಬೆರಳಿಟ್ಟು ತೋರಿಸಿದರು. ಎಳೆದವರು ಯಾರು ಎಂದು ಡಾಕ್ಟರ್ ಕೇಳಿದರು.

“ವಾತಾಶಿ ದೆಸು,” ಎಂದರು. ನಾನೇ.

ಡಾಕ್ಟರ್ ಬೈಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ ಡ್ರಿಪ್ ಹಾಕಿಸಿದರು. ಈ ಔಷಧಿ ಮೈಯಿಂದ ಬೇಗ ಹೋಗುವುದಿಲ್ಲ, ಕೆಲವು ದಿನ ಹೊಟ್ಟೆ ತೊಳಸುತ್ತದೆ, ಇಲ್ಲೇ ಇರಲಿ ಎಂದರು. ಬಾಟಲಿ ತಂದು ಇದ್ದದ್ದನ್ನು ಹೇಳಿದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಹೊರಡುವಾಗ ಮಾತ್ರ, “ಇನ್ನು ಯಾರಿಗೂ ನೀವು ಅಳೆಯಬೇಡಿ,” ಎಂದರು. ಸತ್ಯಭಾಮಾ ತಲೆ ಬಗ್ಗಿಸಿ ಒಪ್ಪಿಕೊಂಡರು.

ಹರ್ಷಿಣಿ ಮನೆಗೆ ಬಂದ ಮೇಲೂ ಬಹಳ ದಿನ ಮೇಲೆ ಹತ್ತಿ ಬರಲಿಲ್ಲ. ಇವರು ತಿಳಿಸಾರು ಮಾಡಿಕೊಂಡು ಹೋದರೆ ನವೀನ ಬಾಗಿಲಲ್ಲೇ ಪಾತ್ರೆ ತೆಗೆದುಕೊಂಡು ಥ್ಯಾಂಕ್ಸ್ ಹೇಳುತ್ತಿದ್ದ. ಅದಕ್ಕಿಂತ ಅವನು ಕೂಗಾಡಿದ್ದರೆ ವಾಸಿ ಎನಿಸುತ್ತಿತ್ತು.

ಕೊನೆಗೊಂದು ದಿನ ಅವಳೇ ಬಂದಳು. “ಕೋಪ ಇತ್ತು ಅಕ್ಕಾ. ಇನ್ನೂ ಸ್ವಲ್ಪ ಇದೆ.”

“ಇರ್ಲಿ ಬಿಡು. ಇರ್ಬೇಕಾದ್ದೇ.”

“ಕಡಿಮೆ ಡೋಸ್‌ನಿಂದ ಮತ್ತೆ ಶುರು ಮಾಡೋಣ್ವಾ? ಈ ಸಲ ಇಬ್ರೂ ಓದೋಣ. ನೀವೇ ಹಾಕಿ.”

ಒಪ್ಪಿಕೊಳ್ಳುವ ಆಸೆ ಸತ್ಯಭಾಮಾ ಅವರಿಗೆ ಬಹಳ ಇತ್ತು. ಒಪ್ಪಿದರೆ ಎಲ್ಲ ಮೊದಲಿನಂತಾಗುತ್ತಿತ್ತು. “ಬೇಡ ಕಣೇ. ಕ್ಲಿನಿಕ್ಕಿಗೆ ಹೋಗು, ಜೊತೆಗೆ ನಾನೂ ಬರ್ತೀನಿ,” ಎಂದರು.

ಹರ್ಷಿಣಿ ಗೊಣಗುತ್ತಲೇ ಪಥ್ಯ ಮಾಡಿದಳು. ಸೆಕೆ ಶುರುವಾಗುವ ಹೊತ್ತಿಗೆ ಕ್ಲಿನಿಕ್ಕಿನವರು ಒಂದೇ ಡೋಸ್ ತುಂಬಿದ ಇಂಜೆಕ್ಷನ್ ಪೆನ್ನು ಕೊಟ್ಟರು. ಎಳೆಯುವುದು, ಅಳೆಯುವುದು ಯಾವುದೂ ಇಲ್ಲ. ನರ್ಸ್ ತೋರಿಸಿಕೊಟ್ಟಳು. ಸತ್ಯಭಾಮಾ ಹೊರಗೆ ಬೆಂಚಿನ ಮೇಲೆ ಕಾದರು.

ಹರ್ಷಿಣಿ ಹೊಟ್ಟೆ ಸವರಿಕೊಳ್ಳುತ್ತಾ ಬಂದಳು. “ನಾನೇ ಹಾಕ್ಕೊಂಡೆ ಅಕ್ಕಾ! ಇಷ್ಟಕ್ಕಾ ನಿಮ್ ಪ್ರಾಣ ತಿಂತಿದ್ದೆ?”

ಸತ್ಯಭಾಮಾ ಅವರಿಗೆ ನಗು ಬಂತು, ಒಳಗೆ ಚುರುಕ್ಕೆಂದಿತು ಕೂಡ. ಇನ್ನು ಶನಿವಾರಗಳಲ್ಲಿ ಅವಳು ಬರಬೇಕಾಗಿಲ್ಲ.

“ಹಸಿವಾಗ್ತಿದೆಯೇನೇ?” ಎಂದರು.

“ಇಲ್ಲ. ಆದ್ರೆ ಕಾಫಿ ಕುಡಿಬಹುದು.”

ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು.