ಸೂಯೆಜ್ ಪರವಾಗಿ ನಾನಾಡಿದ ಮಾತು

ರಟ್ಟಿನ ಪೆಟ್ಟಿಗೆಯ ಮೇಲೆ ಹೆಸರು ಬರೆಯುವ ದಪ್ಪ ಮಾರ್ಕರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಹನ್ನೆರಡೇ ವರ್ಷ. ನಾವು ಗಲ್ಫಿನ ರುವೈಸ್ ಊರು ಬಿಟ್ಟದ್ದು 'ಹುಡುಗಿಯ ಓದಿಗಾಗಿ' ಎಂದು ನೆಂಟರೆಲ್ಲ ಹೇಳುತ್ತಾರೆ. ಇಗರ್ಜಿಯ ಅಂಗಳದಲ್ಲೂ ಅದೇ, ಮದುವೆಯ ಊಟದಲ್ಲೂ ಅದೇ. ನೀವೇ ಹೇಳಿ, ಓದಿಗಾಗಿ ಹೊರಡುವವರು ವಾರ್ಷಿಕ ಪರೀಕ್ಷೆಗೆ ಆರು ವಾರ ಇರುವಾಗ ಹೊರಡುತ್ತಾರೆಯೇ?

ಪಪ್ಪ ಅಲ್ಲಿನ ರಿಫೈನರಿಯಲ್ಲಿ ಟೆಕ್ನೀಷಿಯನ್. ಕಂಪೆನಿ ಕೊಟ್ಟ ಎರಡು ಕೋಣೆಯ ಮನೆ, ಬಿಡದೆ ಗುಂಯ್‌ಗುಡುವ ಎಸಿ, ಬಚ್ಚಲಲ್ಲಿ ತೂಗುವ, ಪಪ್ಪ ಕೆಲಸಕ್ಕೆ ತೊಡುವ ಒದ್ದೆ ಕವರಾಲಿನ ಸೋಪಿನ ಘಮ, ಮಮ್ಮಿಯ ಕುಚ್ಚಲಕ್ಕಿ ಗಂಜಿಯ ಹಬೆ. ಮನೆಮಾತು ಕೊಂಕಣಿ. ವಾದಕ್ಕೆ ಕೂತರೆ ಮಾತ್ರ ಕನ್ನಡ ಶಾಲೆಯಲ್ಲಿ ಓದಿದ್ದ ಪಪ್ಪ ಕನ್ನಡಕ್ಕೆ ಹೊರಳುತ್ತಿದ್ದರು. ಎಣ್ಣೆಯ ಬೆಲೆ ಕುಸಿದಿದ್ದ ಆ ವರ್ಷ ಅಬುಧಾಬಿಯಲ್ಲಿ ಕನ್ನಡದ ಮಕ್ಕಳಿಗೊಂದು ಚರ್ಚಾಸ್ಪರ್ಧೆ ಇತ್ತು: ೧೮೬೯ರಲ್ಲಿ ಲೋಕವನ್ನು ಹೆಚ್ಚು ಬದಲಿಸಿದ್ದು ಯಾವುದು? ಪಪ್ಪ ಗೋಡೆಗೆ ಚಾರ್ಟ್ ಅಂಟಿಸಿ, ಪೆಟ್ಟಿಗೆಯ ಅದೇ ಮಾರ್ಕರಿನಲ್ಲಿ ಬರೆದರು. ಸೂಯೆಜ್ ಕಾಲುವೆ ತೆರೆಯಿತು. ಅಮೆರಿಕದ ಎರಡು ದಿಕ್ಕಿನ ರೈಲುಹಳಿಗಳು ಕೂಡಿದವು. ರಸಾಯನಶಾಸ್ತ್ರದ ಮೂಲವಸ್ತುಗಳ ಪಟ್ಟಿ ಸಿದ್ಧವಾಯಿತು, ಇನ್ನೂ ಸಿಗದವಕ್ಕೆ ಖಾಲಿ ಜಾಗ ಬಿಟ್ಟು. ಪೋರಬಂದರಿನಲ್ಲಿ ಒಂದು ಮಗು ಹುಟ್ಟಿತು. ನಾನು ಸೂಯೆಜ್ ಆರಿಸಿಕೊಂಡೆ.

"ಕಾಲುವೆ ಅಗೆದವರು ಆಮೇಲೆ ಎಂತ ಆದರು? ಅದನ್ನು ಹೇಳ್ಲಿಕ್ಕಿಲ್ವಾ?"

"ಪಪ್ಪಾ, ದಟ್ಸ್ ನಾಟ್ ದ ಟಾಪಿಕ್."

"ಮತ್ತೆ ಯಾರ ಟಾಪಿಕ್ ಮಾರಾಯ್ತಿ ಅದು?"

ಪಕ್ಕದಲ್ಲಿ ಮಮ್ಮಿ ಪೆಟ್ಟಿಗೆ ತುಂಬುತ್ತಿದ್ದಳು. ಅದರಲ್ಲೇನೂ ವಿಶೇಷವಿರಲಿಲ್ಲ. ಗಲ್ಫಿನ ಯಾವ ಮನೆಯ ಮೂಲೆಯಲ್ಲೂ ಊರಿಗೆ ಕಳಿಸುವ ಪೆಟ್ಟಿಗೆಯೊಂದು ಬಾಯಿ ತೆರೆದು ಕೂತಿರುತ್ತದೆ. ಹಾಲಿನ ಪುಡಿ, ಸೋಪು, ನೋವಿನ ಮುಲಾಮು ತಿಂಗಳುಗಟ್ಟಲೆ ಅದರೊಳಗೆ ಬೀಳುತ್ತವೆ. ಆದರೆ ಆ ದಿನ ನಾವು ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದ ಯೇಸುವಿನ ಪಟವೇ ಕಂಬಳಿಯಲ್ಲಿ ಸುತ್ತಿಕೊಂಡು ಒಳಗೆ ಹೋಯಿತು. ಯಾಕೆಂದು ಕೇಳಿದೆ. "ಅಜ್ಜಿಗೆ ಬೇಕಂತೆ. ನೀನು ನಿನ್ನ ಭಾಷಣ ಓದು," ಎಂದಳು. ಮಾತುಮಾತಿಗೂ ಪುರಾವೆ ಕೇಳುತ್ತಿದ್ದ ನಾನು ಅದನ್ನು ಮಾತ್ರ ನಂಬಿಬಿಟ್ಟೆ.

ಸ್ಪರ್ಧೆ ಶುಕ್ರವಾರ. ಎದುರಾಳಿ ಹುಡುಗ ಪಪ್ಪನ ಪ್ರಶ್ನೆಯನ್ನೇ ಎಸೆದ: ಅಗೆದವರ ಗತಿ ಏನು? ನಾನು ಮೈಕಿಗೆ ಬಾಯಿ ಹಚ್ಚಿ, "ಕೆಲಸ ಮುಗಿಯಿತು, ಕೆಲಸದವರು ಊರಿಗೆ ಹೋದರು. ಖಲಾಸ್! ಅದಕ್ಕೆ ಅಳುವುದೇಕೆ? ಹಡಗುಗಳು ನಿಂತವೇ?" ಎಂದೆ. 'ಖಲಾಸ್'ಗೆ ಸಭೆ ಬಿದ್ದುಬಿದ್ದು ನಕ್ಕಿತು, ವೀಸಾದ ಮೇಲೆ ಬದುಕುವವರೇ ತುಂಬಿದ್ದ ಸಭೆ. ಮೂರನೆಯ ಸಾಲಿನಲ್ಲಿ ಪಪ್ಪ ನಗಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಉಳಿದವರೆಲ್ಲ ನಿಲ್ಲಿಸಿದ ಮೇಲೂ. ಮೊದಲ ಬಹುಮಾನ ನನಗೇ. ವಾಪಸಿನ ಎರಡೂವರೆ ಗಂಟೆಯ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: "ಒಳ್ಳೆ ಪಾಯಿಂಟ್ ಹಾಕಿದ್ದಿ." ಮಮ್ಮಿ ಕಿಟಕಿಯಾಚೆ ಮರಳು ನೋಡುತ್ತಿದ್ದಳು.

ಸ್ಪರ್ಧೆಯಾದ ಹತ್ತನೆಯ ದಿನ ಮನೆಯ ಬೀಗದಕೈ ಒಪ್ಪಿಸಿ ಹೊರಟೆವು. ಮಂಚ ಪಕ್ಕದ ಮನೆಯವರು ಒಯ್ದರು. ಚಾರ್ಟ್ ಕೀಳಹೋದರೆ ಪಪ್ಪ, "ಇರ್ಲಿ ಬಿಡು" ಎಂದರು. ಓದಿನ ಕತೆಯನ್ನು ಹುಟ್ಟಿಸಿದವರೂ ಅವರೇ. ಕೆಲಸ ಹೋಯಿತೆನ್ನುವುದಕ್ಕಿಂತ ಅದು ಗೌರವದ ಕಾರಣ. ಆ ಕಾರಣ ನಾನಾದೆ. ಊರಿನಲ್ಲಿ ಅವರು ಮೂರು ವರ್ಷ ಬದುಕಿದರು. ಕೆಲಸ ಸಿಗಲಿಲ್ಲ. ಯಾರೊಡನೆಯೂ ವಾದ ಮಾಡಲಿಲ್ಲ, ನಾನು ಬೇಕೆಂದೇ ಕೆಣಕಿದರೂ.

ಪಪ್ಪನನ್ನು ಮಣ್ಣು ಮಾಡಿ ಬಂದ ವಾರ, ಊರಿಗೆ ಬಂದ ಮೇಲೂ ಯಾರೂ ಬಿಚ್ಚದೆ ಉಳಿದಿದ್ದ ಆ ಪೆಟ್ಟಿಗೆ ಬಿಚ್ಚಿದೆ. ಪಟದ ಹಿಂದೆ ಕಂಪೆನಿಯ ಕಾಗದ ಮಡಚಿಟ್ಟಿತ್ತು. ಪಪ್ಪನನ್ನು ಕೆಲಸದಿಂದ ತೆಗೆದು ವೀಸಾ ರದ್ದು ಮಾಡುವ ಕಾಗದ. ತಾರೀಕು ನನ್ನ ಸ್ಪರ್ಧೆಗಿಂತ ಎರಡು ವಾರ ಹಿಂದಿನದು. ಅದನ್ನು ಹಿಡಿದು ನೆಲದ ಮೇಲೆ ಕೂತೆ. ಆ 'ಖಲಾಸ್' ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾವ ವಾದವೂ ನನ್ನಲ್ಲಿಲ್ಲ. ಹಿಂದಿನಂತೆ ಒಮ್ಮೆ, ಒಂದೇ ಒಂದು ಸಲ ಕನ್ನಡಕ್ಕೆ ಹೊರಳಿ ಹೇಳಿ ಪಪ್ಪಾ, ಎಂತಕ್ಕೆ ಚಪ್ಪಾಳೆ ಹೊಡೆದದ್ದು ನೀವು?