ಬೆತ್ತಲೆ ದಿನದ ಸೇಡು

ರೆನ್ಸ್ಕೆ ಡೈಕೆಮಾ ಹಗೆ ಸಾಧಿಸುವ ಹೆಂಗಸು ಎಂದು ನಮ್ಮ ಊರಿನಲ್ಲಿ ಈಗ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಬಾಯಿ ಅವರದು. ನಾನು ಹಿಲ್ಲೆ, ವರ್ಷಗಟ್ಟಲೆ ಅವಳ ಪಕ್ಕದ ಮೇಜಿನಲ್ಲಿ ಕೂತವಳು. ಗ್ರೋನಿಂಗೆನ್ ನಗರದ ಕಾಲುವೆ ದಂಡೆಯಲ್ಲಿ ಮೌರಿಟ್ಸ್ ಎಂಬವನ ಸ್ಟುಡಿಯೋ ಇದೆ; ನಾವಿಬ್ಬರೂ ಅಲ್ಲಿ ವೆಬ್‌ಸೈಟ್ ಕಟ್ಟುತ್ತಿದ್ದೆವು. ಪುಟಕ್ಕೆ ಬೇಕಾದ ಮಾತು ಬರೆಯುವುದು ನನ್ನ ಕೆಲಸ, ಪುಟ ಕಟ್ಟುವುದು ಅವಳದು, ಹೆಸರು ಹೊಡೆದುಕೊಳ್ಳುವುದು ಮೌರಿಟ್ಸ್‌ನದು. ಅವನಿಗೆ ಈ ಬರಹದಲ್ಲಿ ಜಾಗ ಕೊಡಲು ನನಗೆ ಮನಸ್ಸಿಲ್ಲ, ಆದರೆ ಕೊಡದೆ ವಿಧಿಯಿಲ್ಲ.

ರೆನ್ಸ್ಕೆ ಡೆಲ್ಫ್‌ಜೈಲ್ ಬಂದರಿನ ಕಡೆಯವಳು. ಅಪ್ಪ ಅಲ್ಲಿ ಕ್ರೇನ್ ನಡೆಸುತ್ತಿದ್ದ. ಅವಳು ಯಾವ ಕಾಲೇಜಿನಲ್ಲೂ ಈ ವಿದ್ಯೆ ಕಲಿಯಲಿಲ್ಲ. ಆಗೆಲ್ಲ ಯಾರ ಪುಟದ ಹಿಂಬದಿಯನ್ನು ಯಾರು ಬೇಕಾದರೂ ತೆರೆದು, ಹೇಗೆ ಹೆಣೆದಿದ್ದಾರೆ ಎಂದು ಓದಿಕೊಳ್ಳಬಹುದಿತ್ತು. ಊರಿನ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು ಕಂಡಕಂಡವರ ಪುಟ ಬಿಚ್ಚಿ ನೋಡಿಯೇ ಅವಳು ಕಲಿತಿದ್ದು. ಮೊದಲು ಚಿಕ್ಕಮ್ಮನ ಉಲ್ಲನ್ ಅಂಗಡಿಗೆ ಒಂದು ಪುಟ, ಆಮೇಲೆ ಸ್ಕೇಟಿಂಗ್ ಕ್ಲಬ್ಬಿಗೆ ಇನ್ನೊಂದು. ನಾನು ನೋಡುವ ಹೊತ್ತಿಗೆ ಅವಳಿಗೆ ನಲವತ್ತು ದಾಟಿತ್ತು. ಗಿಡ್ಡ ಕೂದಲು, ಬಾಯಲ್ಲಿ ಯಾವಾಗಲೂ ಉಪ್ಪಿನ ಕಪ್ಪು ಮಿಠಾಯಿ; ಯಾರಿಗೂ ಒಂದು ಕೊಟ್ಟವಳಲ್ಲ. ಸೈಕಲ್ ಪಂಪು ಒಯ್ದು ವಾಪಸು ತರದಿದ್ದವನ ಮುಖ ನೋಡಿದಾಗಲೆಲ್ಲ ಪಂಪನ್ನೇ ನೆನೆಯುವ ಸ್ವಭಾವ.

ಕೆಲಸದಲ್ಲಿ ಅವಳದೊಂದು ಹಟವಿತ್ತು. ವೆಬ್ ಪುಟಕ್ಕೆ ಎಲುಬು ಬೇರೆ, ಬಟ್ಟೆ ಬೇರೆ. ಯಾವುದು ತಲೆಬರಹ, ಯಾವುದು ಒತ್ತುವ ಗುಂಡಿ, ಯಾವುದರ ನಂತರ ಯಾವುದು ಎಂಬುದು ಎಲುಬು. ಬಣ್ಣ, ಅಕ್ಷರದ ದಪ್ಪ, ಯಾವುದು ಎಲ್ಲಿ ಕೂರಬೇಕು ಎಂಬುದೆಲ್ಲ ಬಟ್ಟೆ, ಅದು ಬೇರೆಯದೇ ಫೈಲಿನಲ್ಲಿರುತ್ತದೆ. ಈಗಿನವರು ಮೊದಲು ಬಟ್ಟೆ ಹೊಲಿದು ಆಮೇಲೆ ಒಳಗೆ ಏನನ್ನಾದರೂ ತುರುಕುತ್ತಾರೆ ಎಂದು ಅವಳು ಗೊಣಗುತ್ತಿದ್ದಳು. ಯಾರೇ ಹೊಸ ಸೈಟು ತೋರಿಸಿದರೂ ಬಟ್ಟೆಯ ಫೈಲನ್ನು ತೆಗೆದುಹಾಕಿ ನೋಡುವಳು. ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಓದಿಸಿಕೊಂಡರೆ ತಲೆಯಾಡಿಸುವಳು, ಇಲ್ಲದಿದ್ದರೆ ಮುಖ ತಿರುಗಿಸಿ ಕಾಫಿಗೆ ಹೋಗುವಳು.

ಅವಳ ದೊಡ್ಡ ಕೆಲಸವೆಂದರೆ ದ್ವೀಪಕ್ಕೆ ಹಡಗು ಬಿಡುವ ವಾಡ್‌ಮೇವ್ ಕಂಪನಿಯ ಸೈಟು. ಅದಕ್ಕಾಗಿ ಚಳಿಗಾಲದಲ್ಲಿ ಹಡಗು ಹತ್ತುವ ಧಕ್ಕೆಯ ಮೇಲೆ ನಿಂತು, ಗಾಳಿಗೆ ಕೈ ಮರಗಟ್ಟಿದ ಜನ ಫೋನ್ ಹಿಡಿದು ಹೇಗೆ ತಡಕಾಡುತ್ತಾರೆ ಎಂದು ನೋಡಿ ಬಂದಳು. ಸಣ್ಣ ಫೋನಿನಲ್ಲಿ ಒಂದೇ ಸಾಲಾಗಿ ನಿಲ್ಲುವ ಪುಟ ದೊಡ್ಡ ಪರದೆಯಲ್ಲಿ ತಾನಾಗಿ ಮೂರು ಕಾಲಂಗಳಾಗಿ ಹರಡಿಕೊಳ್ಳುತ್ತಿತ್ತು. ಮೌಸ್ ಹಿಡಿಯಲಾಗದವರು ಬರೀ ಕೀಬೋರ್ಡಿನಿಂದ ಟಿಕೆಟ್ ತೆಗೆಯಬಹುದಿತ್ತು. ಕಣ್ಣಿಲ್ಲದವರ ಓದುಯಂತ್ರ ಒಂದಕ್ಷರ ತಪ್ಪದೆ ಎಲ್ಲವನ್ನೂ ಓದಿ ಹೇಳುತ್ತಿತ್ತು. ಪ್ರತಿ ಪುಟದ ಅಡಿಯಲ್ಲಿ ಸಣ್ಣದಾಗಿ, ‘ಕಟ್ಟಿದವರು: ರೆನ್ಸ್ಕೆ ಡೈಕೆಮಾ’ ಎಂದು ಹಾಕಿಕೊಂಡಳು. ಆಗ ಯಾರೂ ಬೇಡವೆನ್ನಲಿಲ್ಲ.

ಮುಂದೆ ಆ ಸೈಟಿಗೆ ದೇಶದ ಬಹುಮಾನ ಬಂತು. ಮೌರಿಟ್ಸ್ ವೇದಿಕೆ ಹತ್ತಿ, ನಾನು ಧಕ್ಕೆಯ ಮೇಲೆ ನಿಂತೆ, ನಾನು ಜನರ ಕೈ ನೋಡಿದೆ ಎಂದು ಭಾಷಣ ಬಿಗಿದ. ಆ ಮನುಷ್ಯ ಧಕ್ಕೆಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ವಾಪಸು ಬಂದವನೇ ರೆನ್ಸ್ಕೆಯ ಕೆಲಸದ ಕರಾರು ಮುಂದುವರಿಸುವುದಿಲ್ಲ ಎಂದ. ಅವಳು ನಿಧಾನ, ಹಳೇ ಕಾಲದವಳು, ಹೊಸದು ಕಲಿಯಲ್ಲ ಎಂದು ಊರೆಲ್ಲ ಸಾರಿದ. ಪುಟದ ಅಡಿಯಿಂದ ಅವಳ ಹೆಸರೂ ಕಾಣೆಯಾಯಿತು. ನಾನೂ ಅದೇ ವಾರ ಕೆಲಸ ಬಿಟ್ಟೆ, ಹೋಗುವಾಗ ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿಯೇ ಹೋದೆ.

ಕೆಲಸ ಕೇಳಲು ಹೋದ ಕಡೆಯೆಲ್ಲ ರೆನ್ಸ್ಕೆ ಹಡಗಿನ ಸೈಟು ತೋರಿಸುತ್ತಿದ್ದಳು. ಅದು ಮೌರಿಟ್ಸ್ ಮಾಡಿದ್ದಲ್ಲವೇ ಎಂದು ಅವರು ಹುಬ್ಬೇರಿಸುತ್ತಿದ್ದರು. ಫೆಬ್ರವರಿಯಲ್ಲಿ ಸ್ವೊಲ್ಲೆ ನಗರದ ಒಂದು ಕಂಪನಿಯಲ್ಲಿ ಅವಳು ಪುಟದ ಹಿಂಬದಿಯನ್ನೇ ತೆರೆದು, ಅಲ್ಲಿ ಇನ್ನೂ ಇದ್ದ ತನ್ನ ಹೆಸರನ್ನು ತೋರಿಸಿದಳು. ಅಲ್ಲಿನ ಮ್ಯಾನೇಜರ್ ನಯವಾಗಿಯೇ ನಕ್ಕ. ನಿಮ್ಮ ಪರದೆಯ ಮೇಲೆ ನೀವು ಏನು ಬೇಕಾದರೂ ಟೈಪ್ ಮಾಡಿ ತೋರಿಸಬಹುದಲ್ಲ, ಬೇರೆಯವರ ಕೆಲಸವನ್ನು ನಿಮ್ಮದು ಅನ್ನಬೇಡಿ ಎಂದ. ಅವನು ಹೇಳಿದ್ದೂ ನಿಜವೇ, ನಮ್ಮ ಕಸುಬಿನಲ್ಲಿ ಹಾಗೆ ಕೈಚಳಕ ಮಾಡುವುದು ಮಕ್ಕಳಾಟ. ಸಂಜೆ ಅವಳು ಸೀದಾ ನನ್ನ ಅಡುಗೆಮನೆಗೆ ಬಂದು ಕೂತಳು. ಬಟಾಣಿ ಸೂಪು ಬಡಿಸಿದೆ, ಮುಟ್ಟಲಿಲ್ಲ.

“ನನ್ನನ್ನೇ ಕಳ್ಳಿ ಅಂದ ಕಣೇ ಹಿಲ್ಲೆ,” ಎಂದಳು.

ಅವಳು ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅಳಲಿಲ್ಲ, ಮಿಠಾಯಿ ಕಟಕಟ ಕಡಿದಳು. ಆ ಹೆಸರು ಎಲ್ಲರಿಗೂ ಕಾಣುವ ಹಾಗೆ ಮತ್ತೆ ಬರದೆ ಹೋದರೆ ಈ ಕಸುಬಿನಲ್ಲಿ ತನಗೆ ಅನ್ನವಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಮೇಲೆ ಲ್ಯಾಪ್‌ಟಾಪ್ ತೆರೆದು ಸೈಟಿನ ಹಿಂಬದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮೌರಿಟ್ಸ್ ಅವಳ ಹೆಸರನ್ನು ಅಳಿಸಿಯೇ ಇರಲಿಲ್ಲ. ಬಟ್ಟೆಯ ಫೈಲಿನಲ್ಲಿ ಒಂದು ಸಾಲು ಬರೆದು, ಇದನ್ನು ತೋರಿಸಬೇಡ ಎಂದು ಬಚ್ಚಿಟ್ಟಿದ್ದ, ಅಷ್ಟೆ. ಎಲುಬಿಗೆ ಕೈ ಹಾಕಲು ಅವನಿಗೆ ಮೊದಲಿನಿಂದಲೂ ಹೆದರಿಕೆ. ಇಷ್ಟವಾಗದ್ದನ್ನೆಲ್ಲ ಬಟ್ಟೆಯಡಿ ತುರುಕಿ ಕೈ ತೊಳೆದುಕೊಳ್ಳುವುದು, ಆಮೇಲೆ ಮರೆತೇಬಿಡುವುದು ಅವನ ಚಾಳಿ. ರೆನ್ಸ್ಕೆ ಬಹಳ ಹೊತ್ತು ಓದಿದಳು. ಇನ್ನೇನಾದರೂ ಸಿಕ್ಕಿತೇ ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.

“ಅವನ ಕೈಯಿಂದ್ಲೇ ಬಿಚ್ಚಿಸ್ತೀನಿ ನೋಡ್ತಿರು,” ಎಂದಷ್ಟೇ ಹೇಳಿದಳು.

ನಮ್ಮ ಕಸುಬಿನವರಿಗೆ ವರ್ಷಕ್ಕೊಮ್ಮೆ ಒಂದು ಹುಚ್ಚು ಬರುತ್ತದೆ. ಏಪ್ರಿಲ್‌ನಲ್ಲಿ ಒಂದು ದಿನ ಅನೇಕರು ತಮ್ಮ ಸೈಟಿನ ಬಟ್ಟೆಯ ಫೈಲನ್ನು ತೆಗೆದಿಟ್ಟು, ಬರೀ ಎಲುಬಿನಲ್ಲಿ ಜನರ ಮುಂದೆ ನಿಲ್ಲಿಸುತ್ತಾರೆ. ಬೆತ್ತಲೆ ದಿನ ಎಂದೇ ಅದಕ್ಕೆ ಹೆಸರು. ಒಳಗೆ ಕಟ್ಟಡ ಗಟ್ಟಿಯಿದ್ದವರಿಗೆ ಅದು ಹಬ್ಬ, ಸುಣ್ಣ ಬಳಿದು ಮುಚ್ಚಿದವರು ಅಂದು ಫೋನ್ ಎತ್ತುವುದಿಲ್ಲ. ಕಂಪನಿಗಳ ಸೈಟುಗಳು ಈ ಗೋಜಿಗೆ ಬರುವುದು ಕಡಿಮೆ, ಗಿರಾಕಿಗಳು ಹೆದರಿಯಾರು ಎಂಬ ಭಯ.

ಮಾರ್ಚ್ ಮೊದಲ ವಾರ ಕಸುಬಿನವರೆಲ್ಲ ಬಿಯರ್ ಕುಡಿಯಲು ಸೇರುವ ಕೆಫೆಗೆ ನಾವಿಬ್ಬರೂ ಹೋದೆವು. ಮೌರಿಟ್ಸ್ ತನ್ನ ಜೊತೆ ಹಡಗು ಕಂಪನಿಯ ಮುಖ್ಯಸ್ಥೆ ಫ್ರೌಕೆಯನ್ನೂ ಕರೆತಂದು ಮೆರೆಯುತ್ತಿದ್ದ. ಅವನನ್ನು ಹೊನ್ನಶೂಲಕ್ಕೇರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದೇಶದ ಇಡೀ ಉತ್ತರ ಭಾಗದಲ್ಲಿ ಬೆತ್ತಲೆ ದಿನ ಎದುರಿಸುವ ತಾಕತ್ತಿರುವ ಸೈಟು ಇವರದೊಂದೇ ಎಂದು ಫ್ರೌಕೆಗೆ ಕೇಳಿಸುವಂತೆ ಹೊಗಳಿದೆ. ನಾಲಿಗೆಗೆ ಕಹಿಯಾದರೂ ಬಿಡದೆ ಹೊಗಳಿದೆ. ರೆನ್ಸ್ಕೆ ಕೌಂಟರಿಗೆ ಆತು ನಿಂತಿದ್ದಳು.

“ಸುಮ್ನಿರೇ ಹಿಲ್ಲೆ. ಇವನಿಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಮೇಲಿನ ಥಳಕು ತೆಗೆದ್ರೆ ಇವನು ಕಾಲು ಮಡಚ್ಕೊಂಡು ಕೂತ್ಬಿಡ್ತಾನೆ,” ಎಂದಳು.

ಕೆಫೆಯೆಲ್ಲ ನಕ್ಕಿತು. ಮೌರಿಟ್ಸ್‌ನ ಕಿವಿ ಕೆಂಪಗಾಯಿತು. ಹಡಗಿನ ಸೈಟು ಆ ದಿನ ಬೆಳಗಿನಿಂದ ಸಂಜೆಯವರೆಗೆ ಬೆತ್ತಲೆ ನಿಲ್ಲುತ್ತದೆ, ಬೇಕಾದವರು ಬಂದು ನೋಡಿ ಎಂದು ಗ್ಲಾಸು ಎತ್ತಿ ಸಾರಿದ. ಟಿಕೆಟ್ ಕೊಳ್ಳಲು ತೊಂದರೆಯಾಗದೇ ಎಂದು ಫ್ರೌಕೆ ಕೇಳಿದಳು. ಕಲ್ಲಿನಂತೆ ನಿಲ್ಲುತ್ತದೆ, ನನ್ನ ಮಾತು ನಂಬಿ ಎಂದ. ನಗು ಬರುವುದೇ ಇಲ್ಲಿ. ರೆನ್ಸ್ಕೆಯ ಕೆಲಸದ ಮೇಲೆ ಅವನಿಗಿದ್ದಷ್ಟು ನಂಬಿಕೆ ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅವನ ಕಡೆಯವರು ಮುಂಚಿನ ದಿನ ಬಟ್ಟೆ ತೆಗೆದು ಮೊದಲ ಪುಟದ ಮೇಲ್ಭಾಗ ನೋಡಿದರಂತೆ, ನೆಟ್ಟಗಿದೆ ಎಂದು ಚಪ್ಪಾಳೆ ತಟ್ಟಿದರಂತೆ. ಕೆಳಗಿನವರೆಗೆ ಓದುವ ವ್ಯವಧಾನ ಅವರಲ್ಲಿ ಯಾರಿಗಿತ್ತು?

ಬೆತ್ತಲೆ ದಿನ ಬೆಳಿಗ್ಗೆ ರೆನ್ಸ್ಕೆ ನನ್ನ ಮನೆಗೇ ಬಂದಳು. ಸೈಟು ತೆರೆದೆವು. ಬಿಳಿಯ ಮೇಲೆ ಕಪ್ಪು ಅಕ್ಷರ, ಹಡಗಿನ ಹೊತ್ತು, ದರ, ಟಿಕೆಟ್ ಗುಂಡಿ, ಎಲ್ಲವೂ ಒಂದರ ಕೆಳಗೊಂದು ಶಿಸ್ತಾಗಿ ನಿಂತಿತ್ತು. ಅಡಿಯಲ್ಲಿ ಅವಳ ಹೆಸರು. ಪ್ರತಿ ಪುಟದ ಅಡಿಯಲ್ಲೂ ಅವಳ ಹೆಸರು. ಮಧ್ಯಾಹ್ನದೊಳಗೆ ಕಸುಬಿನವರೆಲ್ಲ ಅದನ್ನು ಒಬ್ಬರಿಗೊಬ್ಬರು ಕಳಿಸಿ, ಯಾರಪ್ಪಾ ಈ ಡೈಕೆಮಾ ಎಂದು ಮೌರಿಟ್ಸ್‌ನನ್ನು ಎಲ್ಲರೆದುರು ಕೇಳತೊಡಗಿದರು. ನನಗಾದ ಖುಷಿ ಹೇಳತೀರದು. ಅವನ ಮುಖ ಈಗ ಹೇಗಿರಬಹುದು ಎಂದು ನೆನೆನೆನೆದು ನಕ್ಕೆ.

ಆದರೆ ಪುಟದ ನಡುವೆ ಇನ್ನೊಂದು ಸಾಲೂ ಎದ್ದು ಬಂದಿತ್ತು. ಗಾಲಿಕುರ್ಚಿಯಲ್ಲಿ ಬರುವವರು ಈ ನಂಬರಿಗೆ ಮೊದಲೇ ಫೋನ್ ಮಾಡಿ, ನಿಮಗಾಗಿ ಹಡಗಿನ ಲಿಫ್ಟ್ ಇಳಿಸುತ್ತೇವೆ ಎಂಬ ಸಾಲು. ಅದನ್ನು ಬರೆದವಳು ನಾನೇ, ರೆನ್ಸ್ಕೆ ಹೇಳಿ ಬರೆಸಿದ್ದು. ಸೂರ್ಯ ಮುಳುಗುವ ಫೋಟೋದ ಅಂದ ಕೆಡುತ್ತದೆಂದು ಮೌರಿಟ್ಸ್ ಅದನ್ನೂ ಬಚ್ಚಿಟ್ಟಿದ್ದ. ಚಳಿಗಾಲವಿಡೀ ಆ ನಂಬರಿಗೆ ಒಂದು ಕರೆಯೂ ಬರಲಿಲ್ಲವೆಂದು, ಬೇಡಿಕೆಯಿಲ್ಲವೆಂದು ತಿಳಿದು, ಫ್ರೌಕೆ ಲಿಫ್ಟ್ ನೋಡಿಕೊಳ್ಳುವವನನ್ನು ಬೇರೆ ಕೆಲಸಕ್ಕೆ ಹಾಕಿದ್ದಳಂತೆ. ಕಾರಣ ಕಣ್ಣೆದುರು ಬಂದಾಗ ಅವಳು ರೇಗಿದ್ದು ಅಷ್ಟಿಷ್ಟಲ್ಲ. ವಾರದೊಳಗೆ ಮೌರಿಟ್ಸ್‌ನ ಕೈಯಿಂದ ಸೈಟು ಹೋಯಿತು. ಬಹುಮಾನದವರು ಹೆಸರು ತಿದ್ದಿದರು. ಸ್ವೊಲ್ಲೆಯ ಮ್ಯಾನೇಜರ್ ಕ್ಷಮೆ ಕೇಳಿ ಬರೆದ, ರೆನ್ಸ್ಕೆ ಉತ್ತರ ಬರೆಯಲಿಲ್ಲ. ಫ್ರೌಕೆ ತಾನೇ ಬಂದು ಸೈಟನ್ನು ಅವಳ ಕೈಗೆ ಒಪ್ಪಿಸಿದಳು.

ಸೈಟು ಕೈಗೆ ಬಂದ ದಿನ ಮಾರುಕಟ್ಟೆ ಚೌಕದಲ್ಲಿ ನಾವಿಬ್ಬರೂ ಬಿಸಿಬಿಸಿ ಮೊಟ್ಟೆ ಬೋಂಡಾ ತಿನ್ನುತ್ತ ನಿಂತಿದ್ದಾಗ ನಾನು ಕೇಳಿದೆ.

“ಆ ನಂಬರ್ ಬಚ್ಚಿಟ್ಟಿದ್ದು ನಿನಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ನಿನ್ನ ಅಡುಗೆಮನೇಲಿ ಕೂತು ಓದಿದ್ನಲ್ಲ, ಅವತ್ತೇ.” ಬೋಂಡಾ ಅಗಿದು ನುಂಗಿದಳು. “ಅವತ್ತೇ ಹೇಳಿದ್ರೆ ಅವನು ಸದ್ದಿಲ್ದೆ ಸರಿ ಮಾಡ್ಕೊಳ್ತಿದ್ದ. ಜೊತೆಗೆ ನನ್ನ ಹೆಸರನ್ನೂ ಒರೆಸಿ ಹಾಕ್ತಿದ್ದ.”

ಒಳ್ಳೇ ಕೆಲಸ ಮಾಡಿದೆ ಎಂದು ನಾನು ಬೆನ್ನು ತಟ್ಟಿದೆ. ಮನಸಾರೆ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು, ನನಗೆ ಅಷ್ಟು ಸಾಕಾಗಿತ್ತು.

ಮೇ ತಿಂಗಳಲ್ಲಿ ಅವಳ ಮನೆಯಲ್ಲಿ ಹೊಸ ಪುಟದ ಮಾತು ತಿದ್ದುತ್ತ ಕೂತಿದ್ದೆವು. ಫೋನ್ ಬಂತು. ಕೈ ಬಿಡುವಿಲ್ಲದ್ದರಿಂದ ರೆನ್ಸ್ಕೆ ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಮಾತಾಡಿದವಳು ದ್ವೀಪದಲ್ಲಿರುವ ಅಫ್ಕೆ ಎಂಬವಳು, ವಯಸ್ಸಾದ ದನಿ. ಪುಟದ ಅಡಿಯ ಹೆಸರು ಹಿಡಿದು ಹುಡುಕಿ ಫೋನ್ ಮಾಡಿದ್ದಳು. ಅದನ್ನು ಕಟ್ಟಿದ್ದು ನೀವೇನಾ ಎಂದು ಕೇಳಿದಳು. ಹೌದು, ನಾನೇ ಎಂದಳು ರೆನ್ಸ್ಕೆ. ಗುರುತಿಲ್ಲದವರೊಬ್ಬರು ಹಾಗೆ ಕೇಳಿದ್ದು ಅದೇ ಮೊದಲು, ಅವಳ ಮುಖ ಅರಳಿತು.

“ಹಾಗಾದ್ರೆ ನಮ್ಮಂಥ ಗಾಲಿಕುರ್ಚಿಯವರ ನಂಬರನ್ನ ಚಳಿಗಾಲವಿಡೀ ಯಾಕಮ್ಮಾ ಬಚ್ಚಿಟ್ರಿ?”

ರೆನ್ಸ್ಕೆ ಮೌರಿಟ್ಸ್‌ನ ಕಥೆಯೆಲ್ಲ ಹೇಳಿದಳು. ಅಫ್ಕೆ ನಡುವೆ ಬಾಯಿ ಹಾಕದೆ ಕೇಳಿ, ಆಮೇಲೆ ತನ್ನದು ಹೇಳಿದಳು. ಅಕ್ಕ ಈಚೆ ದಡದ ಆಸ್ಪತ್ರೆಯಲ್ಲಿದ್ದಳು, ಹೋಗಲೇಬೇಕಿತ್ತು. ಸೈಟಿನಲ್ಲಿ ನಂಬರ್ ಕಾಣದೆ, ಲಿಫ್ಟ್ ನಿಲ್ಲಿಸಿಬಿಟ್ಟಿದ್ದಾರೆ ಎಂದುಕೊಂಡಳು. ಹಡಗಿನ ಇಬ್ಬರು, ಒಬ್ಬ ಕಂಕುಳಿಗೆ ಕೈ ಹಾಕಿ, ಇನ್ನೊಬ್ಬ ಕಾಲು ಹಿಡಿದು, ಮೂಟೆಯಂತೆ ಮೆಟ್ಟಿಲು ಹತ್ತಿಸಿದರು. ಲಂಗ ಮೇಲೆ ಸರಿದಿತ್ತು, ಪ್ರವಾಸಿಗರು ನೋಡುತ್ತಿದ್ದರು. ಒಳ್ಳೇ ಹುಡುಗರು, ಅವರನ್ನು ಅನ್ನುವುದಿಲ್ಲ ಎಂದಳು. ಆದರೆ ಮನೆಗೆ ಮರಳಿದ ಮೇಲೆ ತಾನು ಮತ್ತೆ ಹಡಗು ಹತ್ತಿಲ್ಲ, ಅಕ್ಕನ ಮಣ್ಣಿಗೂ ಹೋಗಲಿಲ್ಲ ಎಂದಳು.

“ಬಚ್ಚಿಟ್ಟೋನು ಅವನು, ಒಪ್ಕೊಂಡೆ. ನಿಮಗೆ ಯಾವಾಗ ಗೊತ್ತಾಯ್ತು?”

ನಾನು ಎರಡೂ ಕೈ ಆಡಿಸಿ, ಏಪ್ರಿಲ್ ಅನ್ನು, ಅವತ್ತೇ ಅನ್ನು ಎಂದು ಸನ್ನೆ ಮಾಡಿದೆ. ರೆನ್ಸ್ಕೆ ನನ್ನ ಕಡೆ ನೋಡಿದಳು. ತಾನು ಮಾಡಿದ ಕೆಲಸದ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

“ಫೆಬ್ರವರಿಯಲ್ಲಿ,” ಎಂದಳು.

“ನನ್ನನ್ನ ಹೊತ್ತಿದ್ದು ಮಾರ್ಚ್‌ನಲ್ಲಿ.”

ಅಫ್ಕೆ ದನಿ ಏರಿಸಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈಯುತ್ತಿದ್ದೆ. ಆಗಲಿ ಎಂದು ಫೋನ್ ಇಟ್ಟಳು.

ಎಲ್ಲ ಆ ಮೌರಿಟ್ಸ್ ಮಾಡಿದ್ದು, ಅವನು ಹಾಳಾಗಿ ಹೋಗಲಿ ಎಂದು ನಾನು ಶುರುಮಾಡಿದೆ. ರೆನ್ಸ್ಕೆ ಹಡಗಿನ ಪುಟ ತೆರೆದು ಕೆಳಕ್ಕೆ ಸರಿಸಿ ತನ್ನ ಹೆಸರನ್ನು ನೋಡುತ್ತ ಕೂತಳು. ತೆಗೆದುಬಿಡುತ್ತೀಯಾ ಎಂದು ಕೇಳಿದೆ.

“ಬೇಡ,” ಎಂದಳು. “ಇರ್ಲಿ. ಯಾರಿಗೆ ಫೋನ್ ಮಾಡ್ಬೇಕು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ.”